ಅತ್ತೆಗೆ ಕರೆಂಟ್ ಕೊಟ್ಟ ಚಳಿಗಾಲ

ನನ್ನ ಅತ್ತೆಯಷ್ಟು ಮಾತಾಡುವ ಇನ್ನೊಬ್ಬ ಹೆಂಗಸನ್ನು ನಾನು ನೋಡಿಲ್ಲ. ಹಾಲು ಕರೆಯುವಾಗ ಹಸುವಿನ ಜೊತೆ, ಒಲೆ ಹಚ್ಚುವಾಗ ಒಲೆಯ ಜೊತೆ, ಯಾರೂ ಇಲ್ಲದಿದ್ದರೆ ತೀರಿಹೋಗಿದ್ದ ಮಾವನವರ ಫೋಟೋದ ಜೊತೆ ಮಾತಾಡುತ್ತಿದ್ದರು. ನಾನು ರಾಜಾಜಿನಗರದ ಗುಮಾಸ್ತರ ಮನೆಯ ಹುಡುಗಿ. ನಮ್ಮ ಮನೆಯಲ್ಲಿ ರೇಡಿಯೋ ಮಾತ್ರ ಜೋರಾಗಿ ಮಾತಾಡುತ್ತಿತ್ತು. ಮದುವೆಯಾಗಿ ವಿಜಯನಗರಕ್ಕೆ ಬಂದ ಹೊಸದರಲ್ಲಿ ಈ ಸದ್ದಿಗೆ ಬೆಚ್ಚಿಬೀಳುತ್ತಿದ್ದೆ. ಆಮೇಲಾಮೇಲೆ ಅದಿಲ್ಲದಿದ್ದರೆ ನನಗೆ ಓದಲು ಕೂಡ ಆಗುತ್ತಿರಲಿಲ್ಲ.

ಅತ್ತೆ ಅತ್ತಿಗುಪ್ಪೆಯ ಒಕ್ಕಲು ಮನೆತನದವರು. ಅವರು ಮದುವೆಯಾಗಿ ಬಂದಾಗ ಇದ್ದ ಹೊಲಗಳೆಲ್ಲ ಕಣ್ಣೆದುರಿಗೇ ಬಡಾವಣೆಯಾಗಿದ್ದವು. ಎದುರುಮನೆಯವರ ಸಂಪಿನ ಕಡೆ ಕೈ ತೋರಿಸಿ, "ಅಲ್ಲಿ ನಮ್ದು ಅವರೆ ಸಾಲಿತ್ತು ಕಣವ್ವ, ಎಂಥಾ ಸೊಗಡು ಅಂತೀಯ" ಎನ್ನುವರು. ಉಳಿದ ಒಂದು ಸೈಟಿನಲ್ಲಿ ಮನೆ ಕಟ್ಟಿಸಿ, ಹಿಂದೊಂದು ಪೋರ್ಷನ್ ಬಾಡಿಗೆಗೆ ಕೊಟ್ಟು, ಹಿತ್ತಲಲ್ಲಿ ಹಠಕ್ಕೆ ಬಿದ್ದು ಒಂದು ಹಸು ಇಟ್ಟುಕೊಂಡಿದ್ದರು. ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ನಾನು ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ ಹುಡುಗಿಯರ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಎಂಬತ್ತರ ದಶಕದ ನಡುವಿನ ವರ್ಷಗಳವು.

ಅತ್ತೆಗೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಬೇಕೇಬೇಕು. ಎಡಗೆನ್ನೆಯಲ್ಲಿ ಒತ್ತರಿಸಿಟ್ಟುಕೊಂಡರೆ ಅರ್ಧ ದಿನ ಅಲ್ಲೇ. ಆ ವರ್ಷ ಅವರೆಕಾಯಿ ಬರಲು ಶುರುವಾದಾಗ ಮೊದಲ ಹಿತಕಿದ ಬೇಳೆ ಸಾರು ಮಾಡಿದ್ದೆ. ಒಂದು ತುತ್ತು ಬಾಯಿಗಿಟ್ಟವರೇ ಅತ್ತೆ ಕೆನ್ನೆ ಹಿಡಿದುಕೊಂಡು ಎದ್ದುಬಿಟ್ಟರು.

"ಖಾರ ಜಾಸ್ತಿ ಆಯ್ತಾ ಅತ್ತೆ?"

"ಖಾರ ಅಲ್ಲ ಕಣವ್ವ. ಒಳಗೆ ಏನೋ ಹುಣ್ಣಾಗದೆ. ಬಾಳ ದಿನ ಆಯ್ತು, ಹೋಯ್ತದೆ ಅಂತ ಸುಮ್ಕಿದ್ದೆ."

ಟಾರ್ಚ್ ಹಾಕಿ ನೋಡಿದೆ. ಕೆನ್ನೆಯ ಒಳಗೋಡೆಯಲ್ಲಿ, ಹೊಗೆಸೊಪ್ಪು ಕೂರುತ್ತಿದ್ದ ಜಾಗದಲ್ಲೇ, ಬೆಳ್ಳಗೆ ಸುಣ್ಣ ಮೆತ್ತಿದ ಹಾಗೆ ಒಂದು ಮಚ್ಚೆ, ಅದರ ನಡುವೆ ಕೆಂಪಗೆ ಹುಣ್ಣು. ಪುಸ್ತಕದಲ್ಲಿ ಅಂಥ ಚಿತ್ರ ನೋಡಿದ್ದೆ. ಟಾರ್ಚ್ ಆರಿಸದೆ ನಾನು ಅಲ್ಲೇ ನೋಡುತ್ತಿದ್ದದ್ದು ಅತ್ತೆಗೆ ಗೊತ್ತಾಯಿತು. ಬಾಯಿ ಮುಚ್ಚಿದವರೇ, "ಅದೇನಾ?" ಎಂದರು. "ಗೊತ್ತಿಲ್ಲ ಅತ್ತೆ, ತೋರಿಸೋಣ" ಎಂದೆ.

ಬಸವೇಶ್ವರನಗರದ ಚಿಕ್ಕ ಕ್ಲಿನಿಕ್ಕಿನ ಡಾಕ್ಟರು ನೋಡಿ, ತಡಮಾಡದೆ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಆ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿತ್ತು. ಅಲ್ಲಿ ಒಂದು ಚೂರು ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ನಾವು ಮೂವರೂ ಹೋಗಿದ್ದೆವು. ನಮ್ಮನ್ನು ಕೂರಿಸಿಕೊಂಡು ಮಾತಾಡಿದ ಲೇಡಿ ಡಾಕ್ಟರ್‌ಗೆ ನನಗಿಂತ ತುಸು ಹೆಚ್ಚು ವಯಸ್ಸಿರಬಹುದು. ಸಣ್ಣ ಆಳು, ಚುರುಕು ಮಾತು.

"ಕ್ಯಾನ್ಸರೇ ಅಮ್ಮ. ಆದ್ರೆ ಚಿಕ್ಕದಿದೆ, ಕತ್ತಿಗೆಲ್ಲ ಹಬ್ಬಿಲ್ಲ. ಬೇಗ ಬಂದಿದೀರ. ಕರೆಂಟ್ ಕೊಟ್ಟು ವಾಸಿ ಮಾಡೋಕೆ ನೋಡೋಣ."

ಆಗೆಲ್ಲ ರೇಡಿಯೇಷನ್ನಿಗೆ ಜನ ಹೇಳುತ್ತಿದ್ದದ್ದು ಕರೆಂಟ್ ಎಂದೇ. ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು. ಅತ್ತೆ ಸೊಂಟದ ಚೀಲ ಮುಟ್ಟಿ ನೋಡಿಕೊಂಡು, "ಹೊಗೆಸೊಪ್ಪು ಬಿಡ್ಬೇಕಾ?" ಎಂದು ಕೇಳಿದರು.

"ಇವತ್ತೇ ಬಿಡಬೇಕು."

"ಅದ್ಕಿಂತ ದೊಡ್ಡ ಸಿಕ್ಸೆ ಏನಿಲ್ಲ ತಾನೆ?"

ಡಾಕ್ಟರ್ ನಕ್ಕುಬಿಟ್ಟರು. ನನ್ನ ಗಂಡನೂ ಕಣ್ಣೊರೆಸಿಕೊಂಡು ನಕ್ಕರು. ಮನೆಗೆ ಬಂದ ಕೂಡಲೇ ಅತ್ತೆ ಸೊಂಟದಲ್ಲಿದ್ದ ಎಲೆ ಅಡಿಕೆ ಚೀಲವನ್ನು ನೀರೊಲೆಗೆ ಹಾಕಿದರು. ಅದು ಉರಿದು ಮುಗಿಯುವವರೆಗೂ ಮುಂದೆ ಕೂತು, ಸತ್ತವರ ಮುಂದೆ ಹಾಡಿಕೊಂಡು ಅಳುವ ಧಾಟಿಯಲ್ಲಿ ಅದರ ಗುಣಗಾನ ಮಾಡಿದರು. ಪೋರ್ಷನ್ನಿನಲ್ಲಿದ್ದ ಆಂಟಿ ಏನಾಯಿತೋ ಎಂದು ಗಾಬರಿಯಿಂದ ಓಡಿಬಂದರು.

ಸುದ್ದಿ ಬೀದಿಗೆ ತಿಳಿಯಲು ಅಷ್ಟೇ ಸಾಕಾಯಿತು. ಮಾರನೆಯ ದಿನದಿಂದ ಜನ ಬರತೊಡಗಿದರು. ಯಾರೋ ಎಲ್ಲರಿಗೂ, ಕ್ಯಾನ್ಸರಿಗೆ ನೆಲ್ಲಿಕಾಯಿಗಿಂತ ಮದ್ದಿಲ್ಲ ಎಂದು ಹೇಳಿದ್ದರು. ಮಾಗಡಿ ರಸ್ತೆಯ ಆಚೆ ಶ್ರೀಗಂಧದ ಕಾವಲ್ ಕಡೆಯ ನೆಂಟರು ಒಂದು ಮೂಟೆಯನ್ನೇ ಸೈಕಲ್ಲಿನ ಮೇಲೆ ಹೇರಿಕೊಂಡು ಬಂದರು. ಮೊರದಲ್ಲಿ ನೆಲ್ಲಿಕಾಯಿ, ಬಕೆಟ್ಟಿನಲ್ಲಿ ನೆಲ್ಲಿಕಾಯಿ, ದೇವರ ಮುಂದೆ ನೆಲ್ಲಿಕಾಯಿ. ಹಸುವಿಗೂ ಕೊಟ್ಟು ನೋಡಿದೆವು. ಅದು ಮೂಸಿ ಮುಖ ತಿರುಗಿಸಿತು.

ಎಲ್ಲರಿಗಿಂತ ಹೆಚ್ಚು ಓಡಾಡಿದ್ದು ಅತ್ತೆಯ ತಮ್ಮ. ರಾಜಾಜಿನಗರದಲ್ಲಿ ಅವರದೊಂದು ಮೆಡಿಕಲ್ ಸ್ಟೋರ್ ಇತ್ತು. ತಾಯಿ ಬೇಗ ಹೋಗಿದ್ದರಿಂದ ಅಕ್ಕನ ಸೊಂಟದ ಮೇಲೇ ಬೆಳೆದವರು. ಎತ್ತರದ ಆಳು, ದೊಡ್ಡ ಮೀಸೆ, ಆದರೆ ಅಕ್ಕನ ವಿಷಯ ಬಂದರೆ ಚಿಕ್ಕ ಹುಡುಗನಾಗಿಬಿಡುವರು. ನಾನೂ ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಬಂದು, ರಟ್ಟಿನ ಪೆಟ್ಟಿಗೆಯಿಂದ ಒಂದೊಂದಾಗಿ ಡಬ್ಬಗಳನ್ನು ತೆಗೆದಿಟ್ಟರು. ವಿಟಮಿನ್ ಸಿ, ವಿಟಮಿನ್ ಇ, ವಿಟಮಿನ್ ಎ. ಹೊರದೇಶದಲ್ಲಿ ದೊಡ್ಡ ದೊಡ್ಡವರೇ ಇದನ್ನು ಕೊಡುತ್ತಾರೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದರಂತೆ.

"ಅಕ್ಕ, ಇದನ್ನ ಹಿಡಿ ಹಿಡಿ ನುಂಗು. ಕರೆಂಟ್ ಕೊಡೋವಾಗ ಮೈಗೆ ಶಕ್ತಿ ಬೇಕು" ಎಂದರು.

ಆ ಹೊತ್ತಿಗೆ ಕರೆಂಟ್ ಶುರುವಾಗಿತ್ತು. ಮೊದಲು ಕೆಟ್ಟ ಹಲ್ಲುಗಳನ್ನು ಕಿತ್ತು ಬಾಯಿ ಸ್ವಚ್ಛ ಮಾಡಿದ್ದರು. ಆಮೇಲೆ ಕಿರಣ ಬೀಳಬೇಕಾದ ಜಾಗದ ಗುರುತಿಗೆ ಕೆನ್ನೆಯ ಮೇಲೆ ನೇರಳೆ ಬಣ್ಣದ ಗೆರೆ ಎಳೆದು, ಮುಗಿಯುವವರೆಗೂ ಅಳಿಸಬಾರದು ಎಂದಿದ್ದರು. ಆ ಚೌಕಟ್ಟು ಹೊತ್ತುಕೊಂಡೇ ಅತ್ತೆ ನನ್ನ ಜೊತೆ ಸಿಟಿ ಬಸ್ಸಿನಲ್ಲಿ ಮಾರ್ಕೆಟ್ಟಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಆಸ್ಪತ್ರೆ ಸೇರುತ್ತಿದ್ದರು. ಜನ ದುರುಗುಟ್ಟಿ ನೋಡಿದರೆ ಅವರಿಗೆ ಸಂಕೋಚವಿಲ್ಲ. ಕಂಡಕ್ಟರ್ ಒಬ್ಬ ಕೇಳಿಯೇಬಿಟ್ಟ.

"ಏನಮ್ಮ ಅದು, ಕೆನ್ನೆ ಮೇಲೆ?"

"ಸೈಟ್ ಅಳತೆ ಮಾಡವ್ರೆ ಕಣಪ್ಪ. ಇಷ್ಟು ದಿನ ಹೊಲ ಅಳೀತಿದ್ರು, ಈಗ ಕೆನ್ನೆಗೂ ಬಂದವ್ರೆ."

ಬಸ್ಸೆಲ್ಲ ನಕ್ಕಿತು. ಆ ಕಂಡಕ್ಟರ್ ಆಮೇಲೆ ಸಿಕ್ಕಾಗಲೆಲ್ಲ ಅತ್ತೆಗೆ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದ.

ಆದರೆ ಮಾವ ತಂದ ಡಬ್ಬಗಳನ್ನು ನೋಡಿ ನನಗೆ ಕಸಿವಿಸಿಯಾಯಿತು. ಕರೆಂಟ್ ಕೆಲಸ ಮಾಡುವ ಬಗೆ ನನಗೆ ಪುಸ್ತಕದಿಂದ ಗೊತ್ತಿತ್ತು. ಈ ಮಾತ್ರೆಗಳು ಮಾಡುವ ಕೆಲಸವೂ ಗೊತ್ತಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಇನ್ನೊಂದಕ್ಕೆ ಅಡ್ಡ ಬರುವಂತೆ ಕಾಣುತ್ತಿತ್ತು.

"ಮಾವ, ಇವನ್ನ ಈಗಲೇ ಕೊಡೋದು ಬೇಡ ಅನ್ಸುತ್ತೆ" ಎಂದೆ.

ಮಾವನ ಮುಖ ಇಳಿದುಹೋಯಿತು. "ನಮ್ಮಕ್ಕಂಗೆ ನಾನು ಕೆಟ್ಟದ್ದು ತಂದ್ಕೊಡ್ತೀನೇನಮ್ಮ?"

ಅಲ್ಲೇ ಬಿಸಿಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಮ್ಮನಿಗೆ ಹೇಳಿದರು. "ಇರೋ, ಅವ್ಳು ಓದಿರೋಳು. ಯಾಕ್ ಬ್ಯಾಡ ಅಂತ ಹೇಳ್ಲಿ. ಹೇಳು ಮಗ, ನಂಗೂ ಅರ್ಥ ಆಗೋ ಹಂಗೆ ಹೇಳು. ಆ ಮಿಷಿನ್ನು ನನ್ ಕೆನ್ನೆ ಒಳ್ಗೆ ಏನ್ ಮಾಡ್ತದೆ?"

ಪೋರ್ಷನ್ ಆಂಟಿಯೂ ಒಂದು ಮೊರ ಅವರೆಕಾಯಿ ಎಳೆದುಕೊಂಡು ಕೂತರು. ನನಗೆ ಒಂದು ಕ್ಲಾಸೇ ಎದುರಿಗಿದ್ದ ಹಾಗಾಯಿತು.

"ಅತ್ತೆ, ನಮ್ಮ ಮೈಯಲ್ಲಿ ಹೆಚ್ಚಾಗಿರೋದು ನೀರು. ಮಿಷಿನ್‌ನಿಂದ ಬರೋ ಕಿರಣ ಆ ನೀರನ್ನ ಒಡೆಯುತ್ತೆ. ಒಡೆದಾಗ ಹುಟ್ಟೋ ಚೂರುಗಳಿಗೆ ಫ್ರೀ ರ‍್ಯಾಡಿಕಲ್ ಅಂತಾರೆ. ಪ್ರತಿಯೊಂದು ವಸ್ತುವಲ್ಲೂ ಎಲೆಕ್ಟ್ರಾನ್ ಅಂತ ಬಹಳ ಸಣ್ಣ ಕಣಗಳಿರುತ್ತವೆ. ಅವಕ್ಕೆ ಜೋಡಿ ಜೋಡಿಯಾಗಿರೋದೇ ಇಷ್ಟ. ಈ ಚೂರುಗಳಲ್ಲಿ ಒಂದು ಎಲೆಕ್ಟ್ರಾನ್‌ಗೆ ಜೋಡಿ ಇರಲ್ಲ. ಅದಕ್ಕೇ ಅವು ಹತ್ತಿರ ಇರೋದರ ಮೇಲೆಲ್ಲ ಬಿದ್ದು, ಅಲ್ಲಿಂದ ಒಂದನ್ನ ಕಿತ್ಕೊಳ್ಳೋಕೆ ನೋಡ್ತವೆ."

ಅತ್ತೆ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು. "ಅಂದ್ರೆ, ಮದ್ವೆ ಆಗ್ದೆ ಇರೋ ಪುಂಡುಡುಗ್ರು ಅನ್ನು."

ನನಗೆ ನಗು ತಡೆಯಲಾಗಲಿಲ್ಲ. "ಹೂಂ ಅತ್ತೆ, ಹೆಚ್ಚು ಕಡಿಮೆ ಹಂಗೇ."

"ಇನ್ನೊಬ್ರ ಮದ್ವೆ ಚಪ್ರಕ್ಕೆ ನುಗ್ಗಿ ಗಲಾಟೆ ಎಬ್ಬಿಸ್ತಾರೆ. ಅಲ್ಲೊಂದು ಜೋಡಿ ಮುರೀತದೆ. ಆಮೇಲೆ ಹೆಣ್ಣು ಕಳ್ಕಂಡ ಗಂಡೂ ಪುಂಡ ಆಗಿ ಇನ್ನೊಂದು ಚಪ್ರಕ್ಕೆ ನುಗ್ತಾನೆ."

ಇದು ಚೈನ್ ರಿಯಾಕ್ಷನ್. ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ಬೋರ್ಡಿನ ತುಂಬ ಬಾಣ ಎಳೆದು ಹೇಳಿಕೊಡಲು ನನಗೆ ಒಂದು ಪೀರಿಯಡ್ ಬೇಕಾಗುತ್ತಿತ್ತು.

"ಅತ್ತೆ, ಆ ಗಲಾಟೆ ಗಡ್ಡೆಯೊಳಗೆ ಆಗಲಿ ಅಂತಲೇ ಆಸ್ಪತ್ರೆಯವರು ಕರೆಂಟ್ ಕೊಡೋದು. ಗಡ್ಡೆಯ ಜೀವಕೋಶದ ನಡುವೆ ಅದರ ಬಾಳಿನ ಬರಹ ಇರೋ ದಾರ ಇದೆ. ಈ ಚೂರುಗಳು ಹೋಗಿ ಅದನ್ನ ಹರಿದುಹಾಕ್ತವೆ. ಹರಿದರೆ ಅದು ಮತ್ತೆ ಬೆಳೆಯೋಕಾಗಲ್ಲ."

"ಹಂಗಾದ್ರೆ ಈ ಗುಳಿಗೆ?" ಎಂದರು ಮಾವ, ಡಬ್ಬ ಹಿಡಿದುಕೊಂಡೇ.

"ಇವು ಆಂಟಿ ಆಕ್ಸಿಡೆಂಟ್ ಮಾವ. ತಮ್ಮ ಹತ್ರ ಇರೋ ಎಲೆಕ್ಟ್ರಾನ್ ಕೊಟ್ಟು ಆ ಚೂರುಗಳನ್ನ ತಣ್ಣಗೆ ಮಾಡ್ತವೆ."

ಅತ್ತೆ ಕೈ ತಟ್ಟಿದರು. "ಹೆಣ್ಣು ಕೊಡೋ ಮಾವಂದ್ರು! ಲೋ, ನೀನು ಡಬ್ಬ ಡಬ್ಬ ಹೆಣ್ಣು ತಂದು ಸುರ್ದಿದೀಯಲ್ಲೋ!"

"ಹೆಣ್ಣು ಕೊಟ್ರೆ ಒಳ್ಳೇದಲ್ವಾ? ಸಂಸಾರ ಕಟ್ಕಂಡು ತೆಪ್ಪಗಿರ್ತಾರೆ" ಎಂದರು ಮಾವ ಪಟ್ಟು ಬಿಡದೆ.

"ಬೇರೆ ಕಾಲದಲ್ಲಾದ್ರೆ ಒಳ್ಳೇದೇ ಮಾವ. ಈಗ ಗಲಾಟೆ ಮಾಡೋಕೆ ಅಂತಲೇ ಅವರನ್ನ ಒಳಗೆ ಬಿಟ್ಟಿರೋದು. ಬಿಟ್ಟ ತಕ್ಷಣ ಹಿಡಿದು ಮದುವೆ ಮಾಡಿಸಿಬಿಟ್ರೆ ಕೆಲಸ ಕೆಟ್ಟೀತೇನೋ ಅಂತ ನನ್ನ ಭಯ."

ಪೋರ್ಷನ್ ಆಂಟಿ ಮೆಲ್ಲಗೆ ಕೇಳಿದರು. "ಅಲ್ಲಾರೀ, ಗಲಾಟೆ ಗಡ್ಡೆ ಒಳಗಷ್ಟೇ ಆಗುತ್ತಾ? ಪಕ್ಕದ ಒಳ್ಳೇ ಮನೆಗಳಿಗೂ ಕಲ್ಲು ಬೀಳಲ್ವಾ?"

ಒಳ್ಳೆಯ ಪ್ರಶ್ನೆ. ಬೀಳುತ್ತದೆ ಎಂದೆ. ಬಾಯಿ ಹುಣ್ಣಾಗುತ್ತದೆ, ಜೊಲ್ಲು ಒಣಗುತ್ತದೆ, ರುಚಿ ಹೋಗುತ್ತದೆ. ಆದರೆ ಒಳ್ಳೆಯ ಜೀವಕೋಶ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವುದರಲ್ಲಿ ಗಡ್ಡೆಗಿಂತ ಜಾಣ, ಅದಕ್ಕೇ ದಿನಾ ಸ್ವಲ್ಪ ಸ್ವಲ್ಪವೇ ಕೊಡುವುದು ಎಂದು ಹೇಳಿದೆ. ಅತ್ತೆ ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡರು. "ಆಗ್ಲಿ ಬಿಡು. ಹೆಂಚು ಹೋದ್ರೆ ಹಾಕಿಸ್ಕೊಬೋದು" ಎಂದರು.

ಮಾವ ಮಾತ್ರ ಪೂರ್ತಿ ಒಪ್ಪಲಿಲ್ಲ. "ನೀನು ಹೇಳಿದ್ದು ಪುಸ್ತಕದ ಮಾತಮ್ಮ. ಡಾಕ್ಟ್ರು ಹೇಳ್ಲಿ." ನ್ಯಾಯವೇ. ನಾನು ಓದಿದ್ದು ಪರೀಕ್ಷಾನಳಿಕೆಯ ಒಳಗಿನ ಸಂಗತಿ. ಮನುಷ್ಯರ ಬಾಯಿಯಲ್ಲಿ ಅದು ಹಾಗೇ ನಡೆಯುತ್ತದೆಯೋ ಇಲ್ಲವೋ ನನಗೂ ತಿಳಿದಿರಲಿಲ್ಲ.

ಮಾರನೆಯ ದಿನ ಮಾವ ಅಂಗಡಿಯನ್ನು ಕೆಲಸದವರಿಗೆ ಬಿಟ್ಟು, ಪೆಟ್ಟಿಗೆ ಸಮೇತ ನಮ್ಮ ಜೊತೆ ಆಸ್ಪತ್ರೆಗೆ ಬಂದರು. ಡಾಕ್ಟರ್ ಡಬ್ಬಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ನಾನು ನನ್ನ ಅನುಮಾನ ಹೇಳಿದೆ. ಅವರ ಮುಖ ಅರಳಿತು.

"ನೀವು ಕೇಳ್ತಾ ಇರೋದು ಸರಿಯಾದ ಪ್ರಶ್ನೆ. ನಮಗೂ ಇದರ ಪೂರ್ತಿ ಉತ್ತರ ಗೊತ್ತಿಲ್ಲ. ಈ ಮಾತ್ರೆ ಒಳ್ಳೇ ಜೀವಕೋಶಗಳನ್ನ ಕಾಪಾಡುತ್ತೆ ಅನ್ನೋರೂ ಇದಾರೆ. ಜೊತೆಗೆ ಗಡ್ಡೆಯನ್ನೂ ಕಾಪಾಡಿಬಿಡುತ್ತೆ ಅನ್ನೋರೂ ಇದಾರೆ. ಗೊತ್ತಿಲ್ಲದೆ ಇರೋವಾಗ ನಾನು ಅಪಾಯ ತಗೊಳ್ಳಲ್ಲ. ಕರೆಂಟ್ ಮುಗಿಯೋವರೆಗೂ ದೊಡ್ಡ ಡೋಸ್ ವಿಟಮಿನ್ ಬೇಡ."

"ಸೊಪ್ಪು, ಹಣ್ಣೂ ಬೇಡ್ವಾ ಮೇಡಂ?" ಎಂದರು ಮಾವ.

"ಅಯ್ಯೋ, ಅದು ಧಾರಾಳವಾಗಿ ತಿನ್ನಲಿ. ಊಟದಲ್ಲಿ ಬರೋದು ಬೇರೆ, ಹಿಡಿಗಟ್ಟಲೆ ಮಾತ್ರೆ ನುಂಗೋದು ಬೇರೆ. ಆದ್ರೆ ಹುಳಿ, ಖಾರ ಬಾಯಿಗೆ ಉರಿಯುತ್ತೆ. ಹಾಲು, ಮೊಟ್ಟೆ, ಗಂಜಿ, ಎಳನೀರು, ಬೇಯಿಸಿದ ಸೊಪ್ಪು ಕೊಡಿ. ಅವರ ತೂಕ ಇಳೀಬಾರದು. ನಿಮಗೆ ಅಕ್ಕನ ಸೇವೆ ಮಾಡಬೇಕು ಅಂತಿದ್ರೆ ಅದನ್ನ ನೋಡ್ಕೊಳ್ಳಿ."

ಮಾವನಿಗೆ ಒಂದು ಕೆಲಸ ಬೇಕಾಗಿತ್ತು, ಸಿಕ್ಕಿತು. ಅಂದಿನಿಂದ ಬೆಳಿಗ್ಗೆ ನಾವು ಏಳುವ ಮೊದಲೇ ಬಾಗಿಲಲ್ಲಿ ಎಳನೀರು ಬಂದಿರುತ್ತಿತ್ತು. ನಾಟಿ ಮೊಟ್ಟೆಗೆ ಕೆಂಗೇರಿಯ ಕಡೆಯ ಹಳ್ಳಿಗಳವರೆಗೂ ಸ್ಕೂಟರ್ ಓಡಿಸಿದರು. ಕಾಲು ಸೂಪಿಗೆ ಕಾಲು ತರುವಾಗ ಅಂಗಡಿಯವನ ಜೊತೆ ಜಗಳ ಆಡಿಕೊಂಡು ಬರುವರು. ಕಾಲೇಜಿನ ದಿನಗಳಲ್ಲಿ ನಾನು ಆಸ್ಪತ್ರೆಗೆ ಹೋಗಲಾಗದಿದ್ದರೆ ಅವರೇ ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವರು. ಮನೆಯಲ್ಲಿದ್ದ ನೆಲ್ಲಿಕಾಯಿಯನ್ನೆಲ್ಲ ಬೀದಿಯ ಹೆಂಗಸರು ಸೇರಿ ಉಪ್ಪಿನಕಾಯಿ ಹಾಕಿದರು. ಅತ್ತೆ ಒಂದನ್ನೂ ಬಾಯಿಗೆ ಹಾಕಿಕೊಳ್ಳದೆ, ಯಾರು ಎಷ್ಟು ಉಪ್ಪು ಹಾಕಬೇಕೆಂದು ಕುರ್ಚಿಯ ಮೇಲಿಂದ ಅಪ್ಪಣೆ ಕೊಟ್ಟರು.

ಕರೆಂಟ್ ಕೊಡುವ ಕೋಣೆಯ ಹೊರಗೆ ಒಂದು ಉದ್ದನೆಯ ಹಜಾರ, ಅಲ್ಲಿ ಬೆಂಚುಗಳು. ಎಲ್ಲೆಲ್ಲಿಂದಲೋ ಬಂದ ಜನ ಮೈಮೇಲೆ ನೇರಳೆ ಗೆರೆ ಇಟ್ಟುಕೊಂಡು ಕೂತಿರುತ್ತಿದ್ದರು. ಮೊದಮೊದಲು ಅಲ್ಲಿ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ದಪ್ಪ ಬಾಗಿಲು ಮುಚ್ಚುವ ಸದ್ದು ಬಂದರೆ ಸಾಕು, ಎಲ್ಲರೂ ಅತ್ತ ನೋಡುವರು. ಒಂದು ದಿನ ನಾನು ಚೀಟಿ ತೋರಿಸಿ ವಾಪಸ್ ಬರುವ ಹೊತ್ತಿಗೆ ಹಜಾರದ ಒಂದು ಮೂಲೆ ಗಲಗಲ ಎನ್ನುತ್ತಿತ್ತು. ನಡುವೆ ನಮ್ಮ ಅತ್ತೆ.

"...ಆ ಪುಂಡುಡುಗ್ರು ಒಳಗೆ ಹೋಗಿ ಗಲಾಟೆ ಮಾಡ್ತಾವ್ರೆ ಅಂತ ತಿಳ್ಕೊ. ಉರೀತದೆ. ಉರಿದ್ರೆ ಹೆದರ್ಕೋಬ್ಯಾಡ. ಕೆಲ್ಸ ನಡೀತಾ ಅದೆ ಅಂತ ಅರ್ಥ."

ಎದುರಿಗೆ ಕೂತಿದ್ದದ್ದು ಮಂಡ್ಯದ ಕಡೆಯ ಒಬ್ಬ ಹೆಂಗಸು. ಹೆದರಿ ಅರ್ಧಕ್ಕೇ ಊರಿಗೆ ಹೊರಟು ನಿಂತಿದ್ದವರಂತೆ. ಒಳಗೆ ಬೆಂಕಿ ಹಚ್ಚುತ್ತಾರೆ ಎಂದು ಯಾರೋ ಹೇಳಿದ್ದರಂತೆ.

"ಕರೆಂಟು ಹೊಡ್ಯಲ್ವಾ ಅಕ್ಕಯ್ಯ?"

"ಎಲ್ಲಿ ಹೊಡೀತದೆ? ಮಿಷಿನ್ನು ಗುಂಯ್ ಅಂತದೆ, ಅಷ್ಟೆ. ನಾನು ದಿನಾ ಅದ್ರ ಜೊತೆ ಮಾತಾಡ್ತೀನಿ. ಪಾಪ, ಒಂದಿನಾನೂ ತಿರುಗಿ ಮಾತಾಡಿಲ್ಲ. ನಮ್ಮೆಜಮಾನ್ರ ಥರ."

ಆ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಊರಿಗೆ ಹೋಗಲಿಲ್ಲ, ಮಾರನೆಯ ದಿನವೂ ಅದೇ ಬೆಂಚಿನಲ್ಲಿ ಕಂಡರು. ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಪುಂಡುಡುಗ್ರು ಅನ್ನೋದು ನೀವು ಹೇಳಿಕೊಟ್ಟಿದ್ದಾ?" ಎಂದು ಕೇಳಿದರು. "ಇಲ್ಲ ಮೇಡಂ, ಅದು ಅವರದೇ" ಎಂದೆ. ಆಮೇಲೆ ಡಾಕ್ಟರೇ ಹೊಸ ರೋಗಿಗಳಿಗೆ ಹಾಗೆಯೇ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿದ್ದಿದೆ.

ಸಂಕ್ರಾಂತಿ ಹತ್ತಿರ ಬರುವ ಹೊತ್ತಿಗೆ ಕಷ್ಟದ ದಿನಗಳು ಬಂದವು. ಬಾಯಿಯ ಒಳಗೆಲ್ಲ ಕೆಂಪಗಾಗಿ ಚರ್ಮ ಸುಲಿದ ಹಾಗಾಯಿತು. ಕೆನ್ನೆ ಹೊರಗೂ ಕಪ್ಪಿಟ್ಟಿತು. ನೀರು ನುಂಗಿದರೂ ಅತ್ತೆಯ ಕಣ್ಣಲ್ಲಿ ನೀರು ಬರುವುದು. ಮಾತು ಸಣ್ಣದಾಗುತ್ತಾ ಹೋಗಿ ಒಂದು ಬೆಳಿಗ್ಗೆ ನಿಂತೇಹೋಯಿತು. ಹಾಲು ಕರೆಯಲು ಕೂತರೆ ಹಸು ತಿರುತಿರುಗಿ ನೋಡುವುದು, ದನಿ ಎಲ್ಲಿ ಎಂದು ಕೇಳುವ ಹಾಗೆ. ನನ್ನ ಗಂಡ ಪಾಳಿ ಮುಗಿಸಿ ಬಂದವರೇ, "ಅವ್ವ, ಒಂದ್ಸಲ ಬಯ್ಯಿ, ಸಾಕು" ಎಂದು ಅವರ ಕಾಲ ಬಳಿ ಕೂತುಬಿಡುತ್ತಿದ್ದರು. ಅತ್ತೆ ಮಗನ ತಲೆಯ ಮೇಲೆ ಮೊಟಕುವರು. ಬೈಗುಳದ ಬದಲಿಗೆ ಅದು.

ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಆರಿಸಿ, ಚಮಚದಲ್ಲಿ ಕೊಡುತ್ತಿದ್ದೆ. ಒಂದೊಂದು ಚಮಚಕ್ಕೂ ಅವರು ಕಣ್ಣು ಮುಚ್ಚಿ ಕೈ ಬಿಗಿಹಿಡಿಯುವರು. ಇಷ್ಟು ಹಿಂಸೆ ಯಾಕೆ, ಆ ಮಾತ್ರೆಗಳನ್ನು ಕೊಟ್ಟಿದ್ದರೆ ಈ ನೋವಾದರೂ ಕಡಿಮೆ ಆಗುತ್ತಿತ್ತೇನೋ ಎಂದು ನನ್ನ ಮನಸ್ಸು ಎಷ್ಟೋ ಸಲ ತೂಗಾಡಿತು. ಒಂದು ಮಧ್ಯಾಹ್ನ ತಡೆಯಲಾರದೆ ಅತ್ತೆಯ ಮುಂದೆ ಅದನ್ನೇ ಹೇಳಿ ಅತ್ತುಬಿಟ್ಟೆ. ಅತ್ತೆ ನನ್ನ ಕೈ ಹಿಡಿದುಕೊಂಡರು. ಕೆನ್ನೆಯ ಕಡೆ ಬೆರಳು ತೋರಿಸಿ, ಎರಡೂ ಮುಷ್ಟಿ ಎತ್ತಿ ಗುದ್ದಾಟದ ಅಭಿನಯ ಮಾಡಿದರು. ಆಮೇಲೆ ತಾಳಿ ಕಟ್ಟುವ ಹಾಗೆ ನನ್ನ ಕತ್ತಿನ ಸುತ್ತ ಕೈ ತಂದು, ಈಗ ಬೇಡ ಎಂದು ತಲೆ ಅಲ್ಲಾಡಿಸಿದರು. ನಾನು ಅಳುತ್ತಲೇ ನಕ್ಕೆ. ಗಂಜಿ ನನ್ನ ಸೀರೆಯ ಮೇಲೆಲ್ಲ ಚೆಲ್ಲಿತು.

ಕೊನೆಯ ಕರೆಂಟಿನ ದಿನ ಹಜಾರದವರೆಲ್ಲ ಎದ್ದು ನಿಂತು ಅವರನ್ನು ಕಳಿಸಿಕೊಟ್ಟರು. ಮಂಡ್ಯದ ಹೆಂಗಸು ಅತ್ತೆಯ ಹಣೆಗೆ ಕುಂಕುಮವಿಟ್ಟು, ಅದು ವಿಧವೆಗೆ ಇಡುವುದಲ್ಲ ಎಂದು ಆಮೇಲೆ ನೆನಪಾಗಿ ನಾಲಗೆ ಕಚ್ಚಿಕೊಂಡರು. ಅತ್ತೆ ಒರೆಸಿಕೊಳ್ಳಲಿಲ್ಲ. ಹಾಗೆಯೇ ಬಸ್ಸು ಹತ್ತಿದರು.

ಹುಣ್ಣು ಮಾಯಲು ಇನ್ನೂ ಕೆಲವು ವಾರ ಹಿಡಿಯಿತು. ಮೊದಲು ದನಿ ಬಂತು. ಒಡೆದ ಕೊಳಲಿನ ಹಾಗೆ ಬಂದ ಆ ದನಿಯಲ್ಲಿ ಹಸುವಿಗೆ ಒಂದು ಬೈಗುಳ ಬಿತ್ತು, ಅದು ಬಾಲ ಎತ್ತಿ ಕುಣಿಯಿತು. ಆದರೆ ರುಚಿ ಮಾತ್ರ ತಿರುಗಿ ಬರಲಿಲ್ಲ. ಏನು ಕೊಟ್ಟರೂ "ಮಣ್ಣು ತಿಂದಂಗಾಯ್ತದೆ" ಎನ್ನುವರು. ಮಾವ ಬಗೆಬಗೆಯ ಹಣ್ಣು ತಂದು, ಒಂದೊಂದು ಹೋಳು ಬಾಯಿಗಿಟ್ಟು, "ಇದು? ಇದು ಗೊತ್ತಾಯ್ತಾ?" ಎಂದು ಕೇಳುವರು. ಅತ್ತೆ ತಲೆ ಅಲ್ಲಾಡಿಸುವರು. ರುಚಿ ಬರದೇ ಉಳಿದವರೂ ಉಂಟು ಎಂದು ಡಾಕ್ಟರ್ ನನ್ನೊಬ್ಬಳಿಗೆ ಹೇಳಿದ್ದರು. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಯುಗಾದಿ ಕಳೆದಿತ್ತು. ಕಾಲೇಜಿನಲ್ಲಿ ಪರೀಕ್ಷೆಗಳು ನಡೆಯುತ್ತಿದ್ದವು. ಒಂದು ದಿನ ಬೇಗ ಹೊರಡುವ ಗಡಿಬಿಡಿಯಲ್ಲಿ ಸೊಪ್ಪಿನ ಬಸ್ಸಾರು, ಮುದ್ದೆ ಮಾಡಿಟ್ಟು, ಅತ್ತೆಗೆ ತಟ್ಟೆ ಬಡಿಸಿ, ಜಡೆ ಹೆಣೆದುಕೊಳ್ಳುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಮುಖ ಸಿಂಡರಿಸಿಕೊಂಡರು.

"ಏನೇ ಇದು, ಉಪ್ಪು ಸುರ್ದಿದೀಯಾ? ಒಬ್ರು ಬಾಯ್ಗೆ ಇಡಂಗಿಲ್ಲ!"

ಜಡೆ ಕೈಯಲ್ಲೇ ಉಳಿಯಿತು. ನಾನು ಅತ್ತೆಯನ್ನು ನೋಡಿದೆ, ಅತ್ತೆ ನನ್ನನ್ನು ನೋಡಿದರು. ಅವರಿಗೂ ಆಗ ಹೊಳೆಯಿತು. ಇನ್ನೊಂದು ತುತ್ತು ಅದ್ದಿ, ನಿಧಾನವಾಗಿ ನಾಲಗೆಯ ಮೇಲೆ ಇಟ್ಟುಕೊಂಡರು.

"ಉಪ್ಪು ಕಣವ್ವ!" ಎಂದು ಕೂಗಿದರು. "ಉಪ್ಪು ಜಾಸ್ತಿ ಆಗದೆ!"

ನಾನು ಓಡಿಹೋಗಿ ತಬ್ಬಿಕೊಂಡೆ. ಅತ್ತೆಯಿಂದ ಅಡುಗೆಗೆ ಬೈಸಿಕೊಂಡು ಅಷ್ಟು ಸಂತೋಷಪಟ್ಟ ಸೊಸೆ ವಿಜಯನಗರದಲ್ಲಿ ಇನ್ನೊಬ್ಬಳಿರಲಾರಳು. ಸದ್ದು ಕೇಳಿ ಪೋರ್ಷನ್ ಆಂಟಿ ಬಂದರು. ಅವರಿಗೂ ಒಂದು ತುತ್ತು ತಿನ್ನಿಸಿದೆವು. ನಿಜವಾಗಿಯೂ ಬಾಯಿಗಿಡುವ ಹಾಗಿರಲಿಲ್ಲ. ಅಂದು ಕಾಲೇಜಿಗೆ ತಡವಾಗಿ ಹೋದೆ. ಮೊದಲ ಸಲ ಒಂದು ಸುಳ್ಳೂ ಹೇಳದೆ ಪ್ರಿನ್ಸಿಪಾಲರಿಗೆ ಇದ್ದ ಕಾರಣವನ್ನೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಕೆನ್ನೆಯ ಹುಣ್ಣು ಹೋಗಿ ಅಲ್ಲಿ ಒಂದು ನಯವಾದ ಕಲೆ ಉಳಿಯಿತು. ಬಾಯಿ ಮಾತ್ರ ಯಾವಾಗಲೂ ಒಣಗುತ್ತಿತ್ತು. ಎಲ್ಲಿಗೆ ಹೋದರೂ ಒಂದು ಚಿಕ್ಕ ಚೊಂಬು, ನಡುನಡುವೆ ಒಂದು ಗುಟುಕು ನೀರು. ಮಾತಿನ ನಡುವೆ ಆ ಗುಟುಕು ಕತೆಗೆ ಒಂದು ಕಳೆ ಕೊಡುತ್ತಿತ್ತು. ಕೇಳುವವರು ಮುಂದೇನಾಯ್ತು ಎಂದು ಕಾಯುತ್ತಾ ಕೂರಬೇಕು.

ವಿಟಮಿನ್ ಮಾತ್ರೆಯ ಜಗಳ ಇವತ್ತಿಗೂ ಪೂರ್ತಿ ಮುಗಿದಿಲ್ಲ. ಡಾಕ್ಟರ್ ಅಂದು ಹೇಳಿದ ಹಾಗೆಯೇ ಈಗಲೂ ಬಹಳ ಜನ ಡಾಕ್ಟರು ರೇಡಿಯೇಷನ್ ನಡೆಯುವಾಗ ದೊಡ್ಡ ಡೋಸ್ ಬೇಡ, ಕೇಳದೆ ಏನನ್ನೂ ನುಂಗಬೇಡಿ ಎನ್ನುತ್ತಾರೆ. ನಮ್ಮ ಅತ್ತೆ ಉಳಿದದ್ದು ಮಾತ್ರೆ ಬಿಟ್ಟದ್ದರಿಂದಲೇ ಎಂದು ನಾನು ಹೇಳಲಾರೆ. ಬೇಗ ಹೋದೆವು, ಅರ್ಧಕ್ಕೆ ಬಿಡಲಿಲ್ಲ, ಹೊಗೆಸೊಪ್ಪು ಮತ್ತೆ ಮುಟ್ಟಲಿಲ್ಲ. ಅವರು ಆಮೇಲೆ ಬಹಳ ವರ್ಷ ಬದುಕಿದ್ದರು. ಮೊಮ್ಮಕ್ಕಳನ್ನು ಕಂಡು, ಅವರಿಗೂ ಬೈದು ಹೋದರು.

ಒಂದು ವರ್ಷ ತುಂಬಿದ ಮೇಲೆ ನಡೆದ ತಪಾಸಣೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಡಾಕ್ಟರ್ ಟಾರ್ಚ್ ಹಾಕಿ, ಕತ್ತು ಒತ್ತಿ, ಬೆರಳು ಹಾಕಿ ನೋಡಿ, "ಏನೂ ಇಲ್ಲಮ್ಮ, ಚೆನ್ನಾಗಿದೀರ. ಇನ್ನು ಅಪರೂಪಕ್ಕೆ ಬಂದು ಮುಖ ತೋರಿಸಿ" ಎಂದರು. ಮಾವ ಡಾಕ್ಟರ ಮೇಜಿನ ಮೇಲೆ ಒಂದು ಎಳನೀರಿನ ಗೊಂಚಲು ಇಟ್ಟು ಕೈ ಮುಗಿದರು.

ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸುವಾಗ ಅತ್ತೆ ತಟಕ್ಕನೆ ನಿಂತರು. ಎದುರಿಗೆ ಒಂದು ಹೋಟೆಲು, ತುಪ್ಪದಲ್ಲಿ ದೋಸೆ ಹುಯ್ಯುವ ವಾಸನೆ. ಹುಟ್ಟಿದಾಗಿನಿಂದ ಅವರು ಹೋಟೆಲಿನಲ್ಲಿ ತಿಂದವರಲ್ಲ. ಮನೆಯಲ್ಲಿ ಒಲೆ ಇಲ್ವಾ ಎನ್ನುತ್ತಿದ್ದವರು.

"ನಡೀರಿ ಒಳಕ್ಕೆ" ಎಂದರು.

ಮಾವ ಹೌಹಾರಿದರು. "ಅಕ್ಕ, ಗಟ್ಟಿ ಪದಾರ್ಥ, ಖಾರ, ನಿಂಗಾಗಲ್ಲ."

"ಮೆತ್ಗೆ ಇರೋದು ಏನಾದ್ರೂ ಕೊಡ್ತಾನೆ ಬಾರೋ."

ಕೂತೆವು. ಸೆಟ್ ದೋಸೆ ಹೇಳಿದೆ, ಹತ್ತಿಯ ಹಾಗಿರುತ್ತದೆ ಎಂದು. ಅತ್ತೆ ಅದನ್ನು ಮುರಿದು ಸಾಗುವಿನಲ್ಲಿ ಅದ್ದಿ, ಒಂದು ಗುಟುಕು ನೀರು ಕುಡಿದು, ಬಾಯಿಗಿಟ್ಟುಕೊಂಡರು. ಎರಡೂ ಕೆನ್ನೆಗೆ ತಿರುಗಿಸಿ ತಿರುಗಿಸಿ ತಿಂದರು. ಮಾವ ತಮ್ಮದನ್ನು ಮುಟ್ಟದೆ ಅವರ ಮುಖವನ್ನೇ ನೋಡುತ್ತಿದ್ದರು.

"ಹೆಂಗದೆ ಅಕ್ಕ?"

"ಉದ್ದು ಇನ್ನೊಂಚೂರು ಹಾಕ್ಬೇಕಾಗಿತ್ತು. ಸಾಗೂಗೆ ತೆಂಗಿನಕಾಯಿ ಜಿಪುಣತನ ಮಾಡವ್ನೆ" ಎಂದರು ಅತ್ತೆ. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿ, ಸಪ್ಲೈಯರನ್ನು ಊರಿಗೆಲ್ಲ ಕೇಳುವ ಹಾಗೆ ಕರೆದು, ಇನ್ನೊಂದು ಸೆಟ್ ತರಲು ಹೇಳಿದರು.